ಛೂ ಅನ್ನುವ ತನಕ ಕೂರಬೇಕು

ಉತ್ತರ ಕನ್ನಡದ ಹಳಿಯಾಳದ ಕಡೆ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಲ್ಯಾಬ್ರಡಾರ್ ನಾಯಿಯ ಮುಂದೆ ಚೆಂಡು ಎಸೆದು ನೋಡಿ. ಚೆಂಡು ನೆಲ ಮುಟ್ಟುವ ಮೊದಲೇ ನಾಯಿ ಅರ್ಧ ಗದ್ದೆ ದಾಟಿರುತ್ತದೆ. ಕಚ್ಚಿ ತಂದು ಕೊಟ್ಟರಂತೂ ಮನೆಮಂದಿಗೆಲ್ಲ ಖುಷಿ. ‘ಎಂಥಾ ಚುರುಕು’ ಎಂದು ಬೆನ್ನು ತಟ್ಟುತ್ತಾರೆ. ಹಕ್ಕಿನಾಯಿ ಪಳಗಿಸುವವರ ಲೆಕ್ಕದಲ್ಲಿ ಮಾತ್ರ ಆ ನಾಯಿ ಫೇಲು. ಬ್ರಿಟನ್ನಿನಲ್ಲಿ, ಗುಂಡಿಗೆ ಬಿದ್ದ ಹಕ್ಕಿಯನ್ನು ಹೊತ್ತು ತರುವ ರಿಟ್ರೀವರ್ ನಾಯಿಗಳ ಸ್ಪರ್ಧೆಗಳಲ್ಲಿ ಅಪ್ಪಣೆಗೆ ಮುಂಚೆ ಓಡಿದ ನಾಯಿಯನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಾರೆ. ಆಮೇಲೆ ಅದು ಹಕ್ಕಿಯ ಒಂದು ಗರಿಯೂ ಮುರಿಯದಂತೆ ತಂದರೂ ಕೇಳುವವರಿಲ್ಲ.

ಈ ಬಿಗಿಗೆ ಕಾರಣ ಬಂದೂಕು. ಪೊದೆಯಿಂದ ಹಕ್ಕಿ ಎದ್ದಾಗ ಅದರ ಹಿಂದೆಯೇ ನಾಯಿಯೂ ಹಾರಿದರೆ ಗುಂಡಿನ ದಾರಿಗೆ ಅಡ್ಡ ಬರುತ್ತದೆ. ಅಡಗಿದ್ದ ಉಳಿದ ಹಕ್ಕಿಗಳೂ ಎದ್ದು ಹೋಗುತ್ತವೆ. ಬಿದ್ದ ಹಕ್ಕಿ ಎಲ್ಲಿ ಬಿತ್ತು ಎಂದು ಗುರುತು ಹಿಡಿಯಬೇಕಾದ ಕಣ್ಣು, ಓಡುವ ಗಡಿಬಿಡಿಯಲ್ಲಿ ಗುರಿ ತಪ್ಪುತ್ತದೆ. ಹಾಗಾಗಿ ಹಕ್ಕಿ ಏಳಲಿ, ಗುಂಡು ಹಾರಲಿ, ಹಕ್ಕಿ ಕೆಳಗೆ ಬೀಳಲಿ, ಈ ಮೂರಕ್ಕೂ ನಾಯಿ ಕೂತಲ್ಲೇ ಕೂತಿರಬೇಕು. ಅಮೆರಿಕದ ಕೆನಲ್ ಕ್ಲಬ್ಬಿನ ಬೇಟೆನಾಯಿ ಪರೀಕ್ಷೆಯಲ್ಲಿ ಕಿರಿಯ ಹಂತದ ನಾಯಿಗೆ ಇದರಿಂದ ವಿನಾಯಿತಿ ಉಂಟು, ಮೇಲಿನ ಹಂತಕ್ಕೆ ಹೋದರೆ ಇಲ್ಲ. ಎಳೆ ನಾಯಿಗೆ ಮೊದಲು ಓಡುವ ಹುಚ್ಚು ಹತ್ತಲಿ, ಆಮೇಲೆ ಲಗಾಮು ಹಾಕೋಣ ಎಂಬುದು ಅಲ್ಲಿನ ಬಹಳಷ್ಟು ಪಳಗಿಸುವವರ ವಾದ. ಬ್ರಿಟಿಷರು ಮೊದಲಿನಿಂದಲೇ ಬಿಗಿ.

ನಮ್ಮ ನಾಡಿನ ಬೇಟೆನಾಯಿಯ ಜಾಯಮಾನವೇ ಬೇರೆ. ಕ್ರಿ.ಶ. 949–50ರ ಆತಕೂರು ಶಾಸನ ಇದಕ್ಕೆ ಒಳ್ಳೆಯ ಸಾಕ್ಷಿ. ಗಂಗರ ಬೂತುಗ ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ, ಆತ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಪ್ಪಣೆಗೆ ಕಾಯುತ್ತ ಕೂರುವ ನಾಯಿಗೆ ಅಂಥ ಬೇಟೆಯಲ್ಲಿ ಏನು ಕೆಲಸ? ಮುಧೋಳದ ನಾಯಿಯದೂ ಅದೇ ಕಥೆ. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಲೆಂದೇ ಬೆಳೆಸಿದ ತಳಿ ಅದು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದ ಹೆಮ್ಮೆ ಅದಕ್ಕಿದೆ, ಆದರೆ ಮೊಲ ಎದ್ದಾಗ ಸುಮ್ಮನೆ ಕೂರು ಎಂದು ಅದಕ್ಕೆ ಕಲಿಸುವುದು ಲ್ಯಾಬ್ರಡಾರ್‌ಗೆ ಕಲಿಸಿದಷ್ಟು ಸುಲಭವಲ್ಲ. ತಳಿಯ ವಿರುದ್ಧ ಈಜುವ ಕೆಲಸ ಅದು.

ಹೊತ್ತು ತರುವ ನಾಯಿಗಳು ಬಂದದ್ದು ಹೊರಗಿನಿಂದ. ಲ್ಯಾಬ್ರಡಾರ್‌ನ ಮೂಲ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿ. ಬ್ರಿಟನ್ನಿನ ಕೆನಲ್ ಕ್ಲಬ್ ಅದನ್ನು ತಳಿ ಎಂದು ಒಪ್ಪಿದ್ದು 1903ರಲ್ಲಿ. ಗೋಲ್ಡನ್ ರಿಟ್ರೀವರ್‌ನ ವಂಶ ಶುರುವಾದದ್ದು 1868ರಲ್ಲಿ, ಸ್ಕಾಟ್‌ಲ್ಯಾಂಡಿನ ಒಂದು ಎಸ್ಟೇಟಿನಲ್ಲಿ. ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ ಅವರ ಸ್ಪೇನಿಯಲ್ ‘ಕಿವಿ’ ಗೊತ್ತು. ಅದೂ ಹಕ್ಕಿನಾಯಿಯ ಕುಲದ್ದೇ. ಇವತ್ತು ದಾಂಡೇಲಿಯ ಕಾಲನಿಗಳಲ್ಲಿ, ಮುಂಡಗೋಡದ ಪೇಟೆಯಲ್ಲಿ ಸೋಫಾ ಮೇಲೆ ಮಲಗುವ ಲ್ಯಾಬ್ರಡಾರ್ ಬಂದೂಕು ಕಂಡಿರಲಿಕ್ಕಿಲ್ಲ. ಕಾಣುವ ಅಗತ್ಯವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 1991ರ ತಿದ್ದುಪಡಿಯಲ್ಲಿ ಬಿಗಿಯಾದ ಮೇಲೆ ಹಕ್ಕಿ ಬೇಟೆಯ ಮಾತೇ ಮುಗಿಯಿತು.

ಹಾಗಾದರೆ ಈ ತಾಳ್ಮೆಯ ಪಾಠ ಯಾಕೆ? ಬೇಟೆ ನಿಂತ ಮೇಲೆ ಈ ಸೀಮೆಯಲ್ಲಿ ಅದರ ಅಗತ್ಯ ಹೆಚ್ಚಾಗಿದೆ ಅನ್ನಬೇಕು. ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಕಾಡುಪ್ರಾಣಿಯನ್ನು ಬೆನ್ನಟ್ಟುವುದು, ಓಡಿಸುವುದು, ಹಕ್ಕಿಯ ಗೂಡು ಕೆದಕುವುದೂ ಬೇಟೆಯೇ. ನವಿಲು ಮೊದಲ ಪರಿಚ್ಛೇದದ ಹಕ್ಕಿ. ಹಳಿಯಾಳ, ಮುಂಡಗೋಡದ ಗದ್ದೆ ಬದುವಿನಲ್ಲಿ ನವಿಲು, ಗೌಜಲಹಕ್ಕಿ, ಟಿಟ್ಟಿಭ ಎಲ್ಲವೂ ಮೊಟ್ಟೆ ಇಡುವುದು ನೆಲದ ಮೇಲೆ. ಜೋಯಿಡಾದ ಕಾಡಂಚಿನಲ್ಲಿ ಕಾಡುಕೋಳಿಯದೂ ಹಾಗೇ. ಚೆಂಡಿನ ಹಿಂದೆ ಬಿಟ್ಟ ನಾಯಿ ಮಧ್ಯದಲ್ಲಿ ಮನಸ್ಸು ಬದಲಿಸಿ ನವಿಲಿನ ಬೆನ್ನು ಹತ್ತಿದರೆ ‘ಆಟ ಆಡಿಸ್ತಿದ್ದೆ’ ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ.

ಇನ್ನು ಮದ್ದು. ಮೊದಲ ಪಾಠದಲ್ಲಿ ಎಸೆಯುವುದೇ ಇಲ್ಲ. ನಾಯಿ ಕೂರಬೇಕು, ಯಜಮಾನ ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಅದರ ಪಕ್ಕದಲ್ಲೇ ನಿಲ್ಲಬೇಕು. ದೂರದಿಂದಲೇ ಕೂಗಿ ಕರೆದರೆ ಏಳುವುದಕ್ಕೆ ಬಹುಮಾನ ಕೊಟ್ಟಂತೆ; ತಾನೇ ಮರಳಿ ಬಂದು ಕೊಟ್ಟರೆ ಕೂತದ್ದಕ್ಕೆ. ಇಷ್ಟು ಗಟ್ಟಿಯಾದ ಮೇಲೆ ಹದಿನೈದು ಇಪ್ಪತ್ತು ಅಡಿಯ ಹಗ್ಗ, ಹಕ್ಕಿಯ ಬದಲಿಗೆ ಎಸೆಯಲು ಕ್ಯಾನ್ವಾಸ್ ಸುತ್ತಿದ ಡಮ್ಮಿ. ಡಮ್ಮಿಯನ್ನು ಮೊದಲು ನಾಯಿಯ ಬೆನ್ನ ಹಿಂದಕ್ಕೆ ಎಸೆಯಬೇಕು, ಆಸೆ ಕಡಿಮೆ. ನಂತರ ಪಕ್ಕಕ್ಕೆ, ಕೊನೆಗೆ ಮುಂದಕ್ಕೆ.

ಡಮ್ಮಿ ಗಾಳಿಯಲ್ಲಿರುವಾಗ ಕಣ್ಣು ಡಮ್ಮಿಯ ಮೇಲಲ್ಲ, ನಾಯಿಯ ಮೇಲಿರಬೇಕು. ಕಿವಿ ಮುಂದಕ್ಕೆ ಬರುತ್ತದೆ, ಭಾರ ಮುಂಗಾಲಿಗೆ ಸರಿಯುತ್ತದೆ, ಕುಂಡೆ ನೆಲದಿಂದ ಒಂದಿಂಚು ಮೇಲೇಳುತ್ತದೆ, ಗಂಟಲಲ್ಲಿ ಸಣ್ಣ ಕುಂಯ್ ಅನ್ನುವ ಸದ್ದು. ಆ ಒಂದಿಂಚಿನಲ್ಲೇ ತಡೆದರೆ ಪಾಠ ಉಳಿಯಿತು. ಓಡಿದ ಮೇಲೆ ಹಗ್ಗ ಜಗ್ಗಿದರೆ ಕುತ್ತಿಗೆಗೆ ಪೆಟ್ಟು, ತಲೆಗೆ ಏನೂ ಹತ್ತುವುದಿಲ್ಲ. ಹಗ್ಗ ಇರುವುದು ತಪ್ಪಿಸಲಿಕ್ಕೆ, ಶಿಕ್ಷಿಸಲಿಕ್ಕಲ್ಲ.

ಎಸೆದಿದ್ದೆಲ್ಲ ನಾಯಿಗೆ ಅನ್ನುವ ಲೆಕ್ಕವನ್ನು ಮೊದಲು ಮುರಿಯಬೇಕು. ಹತ್ತು ಸಲ ಎಸೆದರೆ ಆರೇಳು ಸಲ ಯಜಮಾನನೇ ನಡೆದು ಹೋಗಿ ಹೆಕ್ಕಿ ತರಬೇಕು. ನಾಯಿ ಕೂತು ನೋಡಬೇಕು. ಮಧ್ಯಾಹ್ನದ ಹೊತ್ತಿಗೆ ಬೆವರಿಳಿಯುವುದು ಮನುಷ್ಯನಿಗೇ. ಆದರೆ ಇದರಿಂದ ನಾಯಿಗೆ ತಿಳಿಯುವುದು ಒಂದೇ ಮಾತು: ಓಡಲು ಅಪ್ಪಣೆ ಕೊಡುವುದು ಬೀಳುವ ವಸ್ತುವಲ್ಲ, ಯಜಮಾನ. ಕಳಿಸುವಾಗಲೂ ಡಮ್ಮಿ ಬಿದ್ದ ತಕ್ಷಣ ಬಿಡಬಾರದು. ಒಮ್ಮೆ ಮೂರು ಎಣಿಸಿ, ಇನ್ನೊಮ್ಮೆ ಹದಿನೈದು ಎಣಿಸಿ. ಒಂದೇ ತಾಳದಲ್ಲಿ ಬಿಟ್ಟರೆ ನಾಯಿ ತಾನೇ ಮೂರು ಎಣಿಸಿ ಹೊರಡುತ್ತದೆ, ಅಪ್ಪಣೆಯ ಹಂಗೇ ಇರುವುದಿಲ್ಲ.

ಒಂದು ಸಲ ತಪ್ಪಿಸಿಕೊಂಡು ಓಡಿದರೆ ಏನಾಯಿತು ಅನ್ನುವವರಿದ್ದಾರೆ. ಬಹಳ ಆಗುತ್ತದೆ. ಬೆನ್ನಟ್ಟುವ ಓಟವೇ ನಾಯಿಗೆ ಬಹುಮಾನ. ಬಿಸ್ಕತ್ತು, ಬೆನ್ನು ತಟ್ಟುವಿಕೆ ಅದರ ಮುಂದೆ ಸಪ್ಪೆ. ವಾರದ ಪಾಠವನ್ನು ಒಂದು ಓಟ ಅಳಿಸಿ ಹಾಕುತ್ತದೆ. ಇದಕ್ಕಿಂತ ದೊಡ್ಡ ತಪ್ಪು, ಓಡಿದ ನಾಯಿ ಡಮ್ಮಿ ಕಚ್ಚಿಕೊಂಡು ಮರಳಿದಾಗ ಬಾರಿಸುವುದು. ನಾಯಿಗೆ ಅರ್ಥವಾಗುವುದು ‘ತಂದು ಕೊಟ್ಟರೆ ಪೆಟ್ಟು’ ಎಂದೇ. ಮುಂದಿನ ಸಲ ಅದು ಹತ್ತು ಮಾರು ದೂರದಲ್ಲೇ ನಿಂತು ಸುತ್ತು ಹಾಕುತ್ತದೆ. ಹಾಗೆಯೇ ಮರಿಗೆ ಹಲ್ಲು ಬೀಳುವ ನಾಲ್ಕು–ಆರು ತಿಂಗಳಲ್ಲಿ ಬಾಯಿಂದ ಎಳೆದು ಕಿತ್ತುಕೊಳ್ಳುವ ಆಟ ಬೇಡ.

ಕೊನೆಯ ಪರೀಕ್ಷೆಗೆ ದುಡ್ಡು ಬೇಡ, ಊರ ಕೋಳಿಗಳಿವೆ. ಅಂಗಳದಲ್ಲಿ ಕೋಳಿ ಕೆದಕುತ್ತಿರುವಾಗ ಹಗ್ಗ ಕಟ್ಟಿದ ನಾಯಿ ದೂರದಲ್ಲಿ ಕೂತಿರಬೇಕು. ದಿನದಿನಕ್ಕೆ ದೂರ ಕಡಿಮೆಯಾಗಬೇಕು. ರೆಕ್ಕೆ ಬಡಿದು ಹುಂಜ ಹಾರಿದಾಗಲೂ ಏಳದ ನಾಯಿ, ಗದ್ದೆಯಲ್ಲಿ ಬುರ್ಲಿ ಹಕ್ಕಿ ಕಾಲಡಿಯಿಂದ ಚಿಮ್ಮಿದಾಗ ನಿಲ್ಲುವ ಸಾಧ್ಯತೆ ಹೆಚ್ಚು. ಪಾರಿವಾಳ ಹಿಡಿದು ರೆಕ್ಕೆ ಕಟ್ಟಿ ಎಸೆಯುವ ‘ಟ್ರೇನಿಂಗ್’ ಕ್ರೌರ್ಯ, ಅದಕ್ಕೆ ಬೇರೆ ಹೆಸರಿಲ್ಲ.

ಈ ಕೂರುವ ವಿದ್ಯೆ ಸರ್ಕಾರಿ ಕೆಲಸದಲ್ಲೂ ಇದೆ. ಸ್ಫೋಟಕ ಪತ್ತೆಹಚ್ಚುವ ನಾಯಿ ವಾಸನೆ ಸಿಕ್ಕಾಗ ಕೆರೆದು ಕಚ್ಚುವುದಿಲ್ಲ, ಸದ್ದಿಲ್ಲದೆ ಕೂರುತ್ತದೆ. ಚೆಂಡು ಸಿಗುವುದು ಆಮೇಲೆ. ಕಾಡುಗಳ್ಳರ ಜಾಡು ಹಿಡಿಯಲು ನಾಯಿಗಳನ್ನು ಪಳಗಿಸುವ ಕೆಲಸವನ್ನು, ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ ನಮ್ಮ ದೇಶದಲ್ಲಿ 2008ರಲ್ಲಿ ಶುರುಮಾಡಿತು. ಬಂಡೀಪುರದ ಜರ್ಮನ್ ಶೆಫರ್ಡ್ ರಾಣಾ ಕಲಿತದ್ದು ಭೋಪಾಲದಲ್ಲಿ. 2019ರಲ್ಲಿ ಗುಂಡ್ಲುಪೇಟೆ ಕಡೆ ನರಭಕ್ಷಕ ಹುಲಿಯ ಹುಡುಕಾಟದಲ್ಲಿ ಅದೂ ಇತ್ತು. ಹುಲಿಯ ವಾಸನೆ ಮೂಗಿಗೆ ಹತ್ತಿದಾಗಲೂ ಹಗ್ಗದ ತುದಿಯಲ್ಲಿ ಹೇಳಿದಂತೆ ನಡೆಯುವ ನಾಯಿ ಬೇಕಿತ್ತು ಆ ಕೆಲಸಕ್ಕೆ.

ಅದು ಕೆಲಸದ ನಾಯಿಯ ಮಾತು. ಮನೆಯ ನಾಯಿಗೆ ಇಲ್ಲಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಆಡುವ ಜಾಗವಲ್ಲ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಯೋಜನೆಗೆ ಬಂದವು; ಕಾಳಿ ಎಂಬ ಹೆಸರು ಸಿಕ್ಕಿದ್ದು 2015ರಲ್ಲಿ. ಅಲ್ಲಿ ಸೀಳುನಾಯಿಗಳಿವೆ, ಸಾಕುನಾಯಿಯ ಡಿಸ್ಟೆಂಪರ್ ರೋಗ ಅವಕ್ಕೂ ತಗಲುತ್ತದೆ. 1994ರಲ್ಲಿ ಇದೇ ರೋಗ ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬಲಿ ತೆಗೆದುಕೊಂಡಿತು. 2018ರಲ್ಲಿ ಗಿರ್ ಕಾಡಿಗೂ ಬಂತು.

ಕಾಳಿ ಹೊಳೆಯ ವಿಷಯ ಇನ್ನೂ ನೇರ. ಲ್ಯಾಬ್ರಡಾರ್‌ಗೆ ನೀರೆಂದರೆ ಪ್ರಾಣ, ಡಮ್ಮಿಯನ್ನು ನೀರಿಗೆ ಎಸೆದು ತರಿಸುವುದು ಎಲ್ಲೆಡೆ ಇರುವ ಪಾಠ. ದಾಂಡೇಲಿಯಲ್ಲಿ ಅದನ್ನು ಮಾಡುವಂತಿಲ್ಲ. ಅಲ್ಲಿ ಹೊಳೆಯ ತುಂಬ ಮೊಸಳೆಗಳಿವೆ. ದಡದಲ್ಲಿ ಕೂತು ಅಪ್ಪಣೆಗೆ ಕಾಯದ ನಾಯಿ ಅಲ್ಲಿ ಬದುಕಿ ಬಂದರೆ ಅದೃಷ್ಟ.

ಆದ್ದರಿಂದ ರಜೆಗೆ ನಾಯಿಯನ್ನೂ ಕಾರಿನಲ್ಲಿ ಹತ್ತಿಸಿಕೊಂಡು ದಾಂಡೇಲಿ, ಜೋಯಿಡಾದ ಹೋಂಸ್ಟೇಗಳಿಗೆ ಬರುವವರಲ್ಲಿ ಒಂದು ವಿನಂತಿ. ಡಿಸ್ಟೆಂಪರ್ ಮತ್ತು ರೇಬೀಸ್ ಲಸಿಕೆ ಹಾಕಿಸಿಯೇ ಹೊರಡಿ, ಸಂಜೆ ಮೈಯೆಲ್ಲ ಸವರಿ ಉಣುಗು ಹತ್ತಿದೆಯೇ ನೋಡಿ, ಉದ್ದ ಹಗ್ಗ ಮರೆಯಬೇಡಿ. ಆಟ ಬೆಳಗಿನ ತಂಪಿನಲ್ಲಿ, ಬೇಲಿಯ ಒಳಗೆ ಇರಲಿ. ಚೆಂಡನ್ನು ಹೊಳೆಯ ಕಡೆ ಎಸೆಯಬೇಡಿ.