ಪಿಕಪ್‌ಗೆ ಹಣ ಕಳಿಸುವ ಮೊದಲು ಫಿಲ್ಟರ್ ತೆಗೆದು ನೋಡಿ

ಬೇಕರಿ, ಹೋಟೆಲ್ ಎಂದು ಕಲಬುರಗಿ ಜಿಲ್ಲೆಗೆ ಬರುವ ನಮ್ಮ ಕರಾವಳಿಯ ಹುಡುಗರು ಊರಿನ ಬೈಕನ್ನೂ ಜೊತೆಗೇ ತರುತ್ತಾರೆ. ಚಿಂಚೋಳಿಗೆ ತಾಗಿಕೊಂಡಿರುವ ಚಂದಾಪುರದಲ್ಲಿ ಅವರಿಂದ ನಾವು ಕೇಳುವ ದೂರು ಒಂದೇ: "ಉಸ್ತಾದರೇ, ಗಾಡಿ ಮೊದಲಿನ ಹಾಗೆ ಎಳೀತಿಲ್ಲ, ಪಿಕಪ್ಪೇ ಇಲ್ಲ." ಅದರ ಹಿಂದೆಯೇ ಊರಿಗೆ ಫೋನ್ ಹೋಗುತ್ತದೆ. ಸೈಲೆನ್ಸರ್ ಬದಲಿಸಬೇಕು, ಬೋರ್ ಮಾಡಿಸಬೇಕು, ಸ್ವಲ್ಪ ಹಣ ಬೇಕು ಅಂತ. ಹಣ ಕಳಿಸುವ ಮೊದಲು ಮನೆಯವರೂ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಇಂದಿನ ಬೈಕುಗಳೆಲ್ಲ ಹೆಚ್ಚುಕಮ್ಮಿ ಫೋರ್ ಸ್ಟ್ರೋಕ್. ಜರ್ಮನಿಯ ನಿಕೋಲಸ್ ಒಟ್ಟೊ 1876ರಲ್ಲಿ ಓಡಿಸಿ ತೋರಿಸಿದ ಕ್ರಮವೇ ಇಂದಿಗೂ ನಡೆದಿದೆ. ಪಿಸ್ಟನ್ ಒಮ್ಮೆ ಇಳಿದು ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆಳೆಯುತ್ತದೆ, ಮೇಲೇರಿ ಅದನ್ನು ಒತ್ತುತ್ತದೆ, ಪ್ಲಗ್ಗಿನ ಕಿಡಿ ಬಿದ್ದಾಗ ರಭಸದಿಂದ ಇಳಿಯುತ್ತದೆ, ಮತ್ತೆ ಏರಿ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕರಲ್ಲಿ ದುಡಿಯುವುದು ಒಂದೇ. ಆ ದುಡಿಮೆಯ ಬಲವೆಲ್ಲ ಒಳಗೆ ಎಷ್ಟು ಗಾಳಿ ಬಂತು ಎನ್ನುವುದರ ಮೇಲೆ ನಿಂತಿದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಇಲ್ಲದೆ ಪೆಟ್ರೋಲ್ ಮಾತ್ರ ಹೆಚ್ಚು ಸುರಿದರೆ ಹೊಗೆ ಬರುತ್ತದೆ ಅಷ್ಟೆ, ಶಕ್ತಿ ಬರುವುದಿಲ್ಲ.

ಚಂದಾಪುರದ ಗಾಳಿ ಮಂಗಳೂರಿನ ಗಾಳಿಯಲ್ಲ. ಈ ಪ್ರದೇಶ ಸಮುದ್ರಮಟ್ಟದಿಂದ 400 ಮೀಟರಿಗೂ ಎತ್ತರದಲ್ಲಿದೆ. ಪ್ರತಿ 100 ಮೀಟರಿಗೆ ಗಾಳಿಯ ದಟ್ಟಣೆ ಸುಮಾರು ಶೇ. 1ರಷ್ಟು ಕಡಿಮೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಗಾಳಿ ಇನ್ನೂ ತೆಳುವಾಗುತ್ತದೆ. ಸುಮಾರು 8 ಅಶ್ವಶಕ್ತಿಯ 100 ಸಿಸಿ ಬೈಕಿನಲ್ಲಿ ಅರ್ಧ ಅಶ್ವಶಕ್ತಿ ಹೀಗೇ ಹೋದೀತು. ಇದು ಗಾಡಿಯ ರೋಗವಲ್ಲ. ಹಳೆಯ ಕಾರ್ಬುರೇಟರ್ ಗಾಡಿಯಾದರೆ ಮಿಸ್ತ್ರಿಗೆ ಹೇಳಿ ಪೆಟ್ರೋಲ್-ಗಾಳಿಯ ಹದ ಸರಿಮಾಡಿಸಬಹುದು. ಇಂಜೆಕ್ಷನ್ ಇರುವ ಹೊಸ ಗಾಡಿ ಆ ಹದವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ಇಲ್ಲದ ಗಾಳಿಯನ್ನು ಅದೂ ತರಲಾರದು.

ನಿಜವಾದ ಕಳ್ಳ ಧೂಳು. ಸೇಡಂ, ವಾಡಿ, ಶಹಾಬಾದ್ ಎಂದರೆ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಲಾರಿಗಳ ಸಾಲು. ಇತ್ತ ಚಿಂಚೋಳಿ ಕಡೆ ತೊಗರಿ ಹೊಲಗಳ ನಡುವಿನ ಮಣ್ಣಿನ ದಾರಿ. ಕರಾವಳಿಯಲ್ಲಿ ಬಹಳ ದಿನ ಬಾಳುವ ಏರ್ ಫಿಲ್ಟರ್ ಇಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್‌ಗೆ ಉಸಿರು ಕಟ್ಟಿದ ಹಾಗೆ.

ಆದ್ದರಿಂದ ಹೊಸ ಶಕ್ತಿ ಕೊಳ್ಳುವ ಮೊದಲು ಹೋದ ಶಕ್ತಿಯನ್ನು ಹುಡುಕಬೇಕು. ಮೊದಲು ಫಿಲ್ಟರ್. ಸ್ಪಂಜಿನದಾದರೆ ತೊಳೆಯಬಹುದು, ಕಾಗದದ್ದಾದರೆ ತೊಳೆಯದೆ ಹೊಸದು ಹಾಕಬೇಕು. ಆಮೇಲೆ ಟ್ಯಾಪೆಟ್. ಎಂಜಿನ್ ತಣ್ಣಗಿರುವಾಗ ಕಂಪನಿ ಪುಸ್ತಕದಲ್ಲಿ ಹೇಳಿದ ಅಂತರ ಇಡಿಸಿ. ಟ್ಯಾಪೆಟ್ ಸಡಿಲವಾದರೆ ಟಕಟಕ ಸದ್ದು ಬರುತ್ತದೆ, ಗೊತ್ತಾಗುತ್ತದೆ. ಬಿಗಿಯಾದರೆ ಸದ್ದೇ ಇಲ್ಲ. ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರಿಹೋಗುತ್ತದೆ. ಮೂರನೆಯದು ಪ್ಲಗ್. ತುದಿ ತಿಳಿಕಂದು ಬಣ್ಣವಿದ್ದರೆ ಹದ ಸರಿ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಕಡಿಮೆ. ಕೊನೆಗೆ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದಿದ್ದರೆ, ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ, ಚೈನ್ ಒಣಗಿದ್ದರೆ, ಕ್ಲಚ್ ಜಾರುತ್ತಿದ್ದರೆ ಎಂಜಿನ್ ಪಾಪ ಏನು ಮಾಡೀತು?

ಇಷ್ಟು ಬಿಟ್ಟು ಫಿಲ್ಟರನ್ನೇ ಕಿತ್ತು ಬಿಸಾಡಿ "ಈಗ ಪಿಕಪ್ ನೋಡಿ" ಎನ್ನುವವರೂ ಇದ್ದಾರೆ. ನಾಲ್ಕು ದಿನ ಖುಷಿ. ಒಳಹೋದ ಧೂಳು ಎಣ್ಣೆಯಲ್ಲಿ ಬೆರೆತು ಪಿಸ್ಟನ್ ರಿಂಗನ್ನು, ಸಿಲಿಂಡರನ್ನು ಅರೆಯುತ್ತದೆ. ನೀಲಿ ಹೊಗೆ ಶುರುವಾದ ಮೇಲೆ ಬೋರ್ ಮಾಡಿಸದೆ ಗತಿಯಿಲ್ಲ. ಸವೆದ ಸಿಲಿಂಡರಿಗೆ ಬೋರ್ ಮಾಡಿಸುವುದು ರಿಪೇರಿ, ತಪ್ಪಲ್ಲ. ಆದರೆ ಒಳ್ಳೆಯ ಎಂಜಿನನ್ನೇ ಕೊರೆದು ದೊಡ್ಡ ಪಿಸ್ಟನ್ ಕೂರಿಸಿದರೆ ಬಿಸಿ ಹೆಚ್ಚು, ಮೈಲೇಜ್ ಕಡಿಮೆ. ಬ್ರೇಕ್ ಮಾತ್ರ ಹಳೆಯ ಶಕ್ತಿಗೆ ಮಾಡಿದ್ದೇ ಇರುತ್ತದೆ. ಇನ್ನು ಬರೀ ಸೈಲೆನ್ಸರ್ ಬದಲಿಸಿದರೆ ಸಣ್ಣ ಬೈಕಿನಲ್ಲಿ ಹೆಚ್ಚುವುದು ಮುಖ್ಯವಾಗಿ ಸದ್ದು.

ಕಾನೂನಿನ ಮಾತೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅನುಮತಿಯಿಲ್ಲದ ಭಾಗ ಜೋಡಿಸಿ ಗಾಡಿಯನ್ನು ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಮಾಲೀಕರು ಎಂದರೆ ಆರ್‌ಸಿಯಲ್ಲಿ ಹೆಸರಿರುವವರು. ಎಷ್ಟೋ ಮನೆಗಳಲ್ಲಿ ಆ ಹೆಸರು ಬಾಪನದು ಅಥವಾ ಉಮ್ಮನದು. ಅಪಘಾತವಾದಾಗ ವಿಮೆ ಕಂಪನಿಯವರೂ ಆರ್‌ಸಿ ಹಿಡಿದೇ ಗಾಡಿ ನೋಡುತ್ತಾರೆ.

ಪಿಕಪ್ ಬೇಕು ಎಂದು ಮಗ ಫೋನ್ ಮಾಡಿದರೆ ಬಯ್ಯಬೇಡಿ. ಗಾಡಿ ಎಳೆಯದಿದ್ದರೆ ಡೆಲಿವರಿಗೆ ತಡ, ಧಣಿಯ ಮಾತು ಕೇಳಬೇಕು. ಅವನ ಕಷ್ಟ ಅವನಿಗೆ. ಫಿಲ್ಟರ್ ಯಾವಾಗ ಬದಲಿಸಿದ್ದು, ಟ್ಯಾಪೆಟ್ ಯಾವಾಗ ನೋಡಿಸಿದ್ದು ಎಂದು ಕೇಳಿ. ಉತ್ತರ ಬರದಿದ್ದರೆ ಒಂದು ಸರ್ವಿಸ್‌ಗೆ ಆಗುವಷ್ಟು ಹಣ ಕಳಿಸಿ, ಸಾಕು.