ಹಳೆಯ ಟ್ರಕ್ಕು, ಹೊಸ ಎಂಜಿನ್ನು: ಕಾನೂನು ನೋಡಬೇಕಾದದ್ದು ಏನನ್ನು?

ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ನನ್ನ ಸಂಜೆಗಳು ಬಹುಪಾಲು ಕಳೆದದ್ದು ನೆರೆಮನೆಯ ಗ್ಯಾರೇಜಿನಲ್ಲಿ. ನಿವೃತ್ತ ಶಾಲಾ ಶಿಕ್ಷಕರಾದ ಆ ಮನೆಯ ಯಜಮಾನರು 1972ರ ಷೆವರ್ಲೆ ಸಿ-10 ಪಿಕಪ್ ಟ್ರಕ್ಕಿಗೆ ಬೇರೊಂದು ಎಂಜಿನ್ ಕೂರಿಸುತ್ತಿದ್ದರು. ಗುಜರಿಗೆ ಬಂದ, 2000ದ ದಶಕದ ಟ್ರಕ್ಕೊಂದರಿಂದ ಬಿಚ್ಚಿ ತಂದ 5.3 ಲೀಟರಿನ ವಿ-8 ಎಂಜಿನ್ ಅದು. ಜನರಲ್ ಮೋಟಾರ್ಸ್ 1997ರಲ್ಲಿ ಕಾರ್ವೆಟ್ ಕಾರಿನ ಮೂಲಕ ಪರಿಚಯಿಸಿದ ಎಂಜಿನ್ ಕುಟುಂಬಕ್ಕೆ ಸೇರಿದ್ದು. ಬಲಶಾಲಿಯಾದ, ಗುಜರಿಗಳಲ್ಲಿ ಧಾರಾಳವಾಗಿ ಸಿಗುವ ಈ ಎಂಜಿನ್ ಹಳೆಯ ಟ್ರಕ್ಕುಗಳಿಗೆ ಮರುಜೀವ ಕೊಡುವವರಿಗೆ ಬಲು ಪ್ರಿಯ.

ಎಂಜಿನ್ ಕೂರಿಸುವುದೇ ಕಠಿಣ ಕೆಲಸವೆಂದು ನಾನು ಭಾವಿಸಿದ್ದೆ. ಅದು ಒಂದು ವಾರಾಂತ್ಯದಲ್ಲಿ ಮುಗಿಯಿತು. ನಂತರದ ಐದು ವಾರಗಳನ್ನು ನುಂಗಿದ್ದು ಉರಿದ ಅನಿಲ ಹೊರಗೆ ಹೋಗುವ ಕೊಳವೆಗಳು.

ಕಾರ್ಖಾನೆಯಿಂದ ಬರುವ ಎಂಜಿನ್ನುಗಳಲ್ಲಿ ಸಿಲಿಂಡರುಗಳ ಅನಿಲವನ್ನೆಲ್ಲ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಒಂದೆಡೆ ಕೂಡಿಸುವುದು ಸಾಮಾನ್ಯ. ಅದರ ಬದಲು ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಉಕ್ಕಿನ ಕೊಳವೆ ಕೊಟ್ಟು, ಅವುಗಳನ್ನು ಮುಂದೆ ಒಂದೇ ಬಾಯಿಗೆ ಸೇರಿಸಿದರೆ ಅದು ಹೆಡರ್. ಒಂದು ಸಿಲಿಂಡರಿನ ಅನಿಲ ಇನ್ನೊಂದರ ದಾರಿಗೆ ಅಡ್ಡಬರದಂತೆ, ಮುಂದೆ ಹೋದದ್ದು ಹಿಂದಿನದನ್ನು ಎಳೆದುಕೊಂಡು ಹೋಗುವಂತೆ ಕೊಳವೆಗಳ ಉದ್ದ ಮತ್ತು ವ್ಯಾಸವನ್ನು ನಿರ್ಧರಿಸುತ್ತಾರೆ. ಆದರೆ ಐವತ್ತು ವರ್ಷಗಳ ಹಿಂದಿನ ಚಾಸಿಯಲ್ಲಿ ಈ ಎಂಜಿನ್ನಿಗೆ ಯಾರೂ ಜಾಗ ಕಾದಿರಿಸಿರಲಿಲ್ಲ. ಒಂದು ಕಡೆ ಸ್ಟೀರಿಂಗ್ ದಂಡ, ಇನ್ನೊಂದು ಕಡೆ ಸ್ಟಾರ್ಟರ್ ಮೋಟಾರು, ಕೆಳಗೆ ಚಾಸಿಯ ತೊಲೆ. ಶಾಖ ತಗುಲಬಾರದ ಬ್ರೇಕ್ ಪೈಪು ಬೇರೆ. ಇವೆಲ್ಲವುಗಳ ನಡುವೆ ನುಸುಳುವಂತೆ ಬಾಗಿದ ಕೊಳವೆಯ ತುಂಡುಗಳನ್ನು ಒಂದೊಂದಾಗಿ ಕತ್ತರಿಸಿ, ಎಂಜಿನ್ನಿನ ಮೇಲೆಯೇ ಹಿಡಿದು ಚುಕ್ಕಿ ಬೆಸುಗೆ ಹಾಕಿ, ಬಳಿಕ ಬಿಚ್ಚಿ ಪೂರ್ಣ ಬೆಸುಗೆ ಹಾಕಬೇಕು. ಬೆಸುಗೆಯ ಶಾಖಕ್ಕೆ ಎಂಜಿನ್ನಿಗೆ ಅಂಟಿ ಕೂರುವ ಫ್ಲೇಂಜ್ ಸೊಟ್ಟಗಾಗದಿರಲೆಂದು ಅದನ್ನು ದಪ್ಪ ಉಕ್ಕಿನ ಹಲಗೆಗೆ ಬೋಲ್ಟು ಹಾಕಿ ಬಿಗಿದಿಟ್ಟಿದ್ದರು.

ಇಷ್ಟೊಂದು ನಾಜೂಕು ಏಕೆಂದು ಕೇಳಿದೆ. ಅವರು ಹೇಳಿದ್ದು ನನ್ನನ್ನು ಯೋಚನೆಗೆ ಹಚ್ಚಿತು. ಆಧುನಿಕ ಎಂಜಿನ್ನಿನಲ್ಲಿ ಹೊರಹೋಗುವ ಅನಿಲದಲ್ಲಿರುವ ಆಮ್ಲಜನಕವನ್ನು ಸೆನ್ಸರ್ ಅಳೆಯುತ್ತದೆ. ಅದಕ್ಕಿಂತ ಮೊದಲು ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ಗಾಳಿ ಒಳಸೇರಬಹುದು. ಆಗ ಇಂಧನ ಸಾಲದೆಂದು ಸೆನ್ಸರ್ ತಪ್ಪು ವರದಿ ಕೊಡುತ್ತದೆ, ಎಂಜಿನ್ನಿನ ಕಂಪ್ಯೂಟರ್ ಇಂಧನ ಹೆಚ್ಚಿಸುತ್ತದೆ, ಮಾಲಿನ್ಯವೂ ಹೆಚ್ಚುತ್ತದೆ. ಅತಿಯಾದ ಇಂಧನ ವಿಷಾನಿಲವನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕ್ರಮೇಣ ಹಾಳುಮಾಡುತ್ತದೆ. ಆ ಕನ್ವರ್ಟರನ್ನು ಎಂಜಿನ್ನಿನಿಂದ ಬಹುದೂರ ಇಟ್ಟರೂ ತೊಂದರೆಯೇ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯುವವರೆಗೆ ಅದು ಸರಿಯಾಗಿ ಕೆಲಸ ಮಾಡದು. ಬೆಸುಗೆಗಾರನ ಕೈ ಚೂರು ಎಡವಿದರೆ ಬೀದಿಯ ಜನ ಅದನ್ನು ಉಸಿರಾಡಬೇಕು.

ಆಗ ನನಗೆ ನೆನಪಾದದ್ದು ಹಳೆಯದೊಂದು ಕಡತ. 1990ರ ದಶಕದ ಆರಂಭದಲ್ಲಿ ಸಾರಿಗೆ ಇಲಾಖೆಗೆ ನಿಯೋಜನೆಗೊಂಡಿದ್ದಾಗ, ಹಳೆಯ ಪೆಟ್ರೋಲ್ ಲಾರಿಗೆ ಡೀಸೆಲ್ ಎಂಜಿನ್ ಹಾಕಿಸಿದ್ದ ಮಾಲೀಕರೊಬ್ಬರ ಅರ್ಜಿ ನನ್ನ ಮೇಜಿಗೆ ಬಂದಿತ್ತು. ಎಂಜಿನ್ ಸಂಖ್ಯೆ, ಖರೀದಿ ರಸೀದಿ, ತೆರಿಗೆ ಪಾವತಿ ಎಲ್ಲವೂ ಕ್ರಮಬದ್ಧವಾಗಿದ್ದವು. ಐದು ನಿಮಿಷದಲ್ಲಿ ಸಹಿ ಹಾಕಿದೆ. ಕಚೇರಿಯ ಅಂಗಳದಲ್ಲೇ ನಿಂತಿದ್ದ ಆ ಲಾರಿಯ ಹೊಗೆ ಹೇಗಿದೆಯೆಂದು ನಾನೂ ಕೇಳಲಿಲ್ಲ, ಕಡತವೂ ಕೇಳಲಿಲ್ಲ. ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲೇ ಗುರುತಿಸಿದ ಸತ್ಯವನ್ನು ತರಗತಿಯಲ್ಲಿ ಓದಿದ್ದವನು ನಾನು: ಒಬ್ಬನ ಲಾಭದ ವೆಚ್ಚ ಮೂರನೆಯವನ ಮೇಲೆ ಬೀಳುವಲ್ಲಿ ಸರ್ಕಾರಕ್ಕೆ ಕೆಲಸವಿದೆ. ಆ ವೆಚ್ಚ ಹೊರಬೀಳುತ್ತಿದ್ದ ಕೊಳವೆಯತ್ತ ನಾನು ನೋಡಲೇ ಇಲ್ಲ.

ಕ್ಯಾಲಿಫೋರ್ನಿಯಾದ ವ್ಯವಸ್ಥೆ ಬೇರೆ ರೀತಿಯದು. 1975 ಹಾಗೂ ಅದಕ್ಕೂ ಹಿಂದಿನ ಮಾದರಿಗಳಿಗೆ ಅಲ್ಲಿ ನಿಯತಕಾಲಿಕ ಹೊಗೆ ತಪಾಸಣೆಯಿಲ್ಲ. ನೆರೆಯವರ ಟ್ರಕ್ಕು ಪಾರಾದದ್ದು ಹೀಗೆ. ಕನ್ವರ್ಟರನ್ನು ಅವರು ಸ್ವಇಚ್ಛೆಯಿಂದ ಅಳವಡಿಸಿದ್ದರು. ಅದೇ ಟ್ರಕ್ಕು ನಾಲ್ಕು ವರ್ಷ ಹೊಸದಾಗಿದ್ದರೆ ಎಂಜಿನ್ ಬದಲಾವಣೆಯನ್ನು ‘ರೆಫರಿ’ ಎಂದು ಕರೆಯುವ ವಿಶೇಷ ತಪಾಸಣಾ ಕೇಂದ್ರಕ್ಕೆ ತೋರಿಸಬೇಕಿತ್ತು. ಎಂಜಿನ್ ವಾಹನದಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಅದರ ಮಾಲಿನ್ಯ ನಿಯಂತ್ರಣ ಸಾಧನಗಳೆಲ್ಲ ಜೊತೆಗೇ ಬರಬೇಕು. ಹೊರಗೆ ತಯಾರಾದ ಹೆಡರ್ ಹಾಕಿದ್ದರೆ ಅದಕ್ಕೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಅನುಮೋದನೆ ಸಂಖ್ಯೆ ಇರಬೇಕು. ಇಲ್ಲಿಯೂ ಒಂದು ಕೊರತೆಯುಂಟು. ಕಂಪನಿಯೊಂದು ಸಾವಿರಾರು ಹೆಡರುಗಳಿಗೆ ಸಂಖ್ಯೆ ಪಡೆಯಬಲ್ಲದು. ಒಂದೇ ಒಂದು ಹೆಡರನ್ನು ಕೈಯಾರೆ ಮಾಡಿದ ಕುಶಲಿಗೆ ಅದು ಎಟುಕದ ಮಾತು. ಆದರೂ ನಿಯಮ ಪಾಲಿಸಲು ಬಯಸುವವನು ಬಡಿಯಬಹುದಾದ ಬಾಗಿಲು ಅಲ್ಲಿದೆ.

ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಕಟ್ಟುನಿಟ್ಟಾಗಿಯೇ ವ್ಯಾಖ್ಯಾನಿಸಿತು. ಇಂಧನ ಬದಲಾವಣೆಯಂಥ ಕೆಲವು ವಿನಾಯಿತಿಗಳಿವೆ. 2022ರ ಆಗಸ್ಟ್‌ನಲ್ಲಿ 3.5 ಟನ್ನಿಗಿಂತ ಕಡಿಮೆ ತೂಕದ ಬಿಎಸ್-6 ವಾಹನಗಳ ಡೀಸೆಲ್ ಎಂಜಿನ್ ತೆಗೆದು ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಜಿನ್ ಹಾಕಲು ನಿಯಮ ರೂಪಿಸಲಾಯಿತು. ಅಂದರೆ ಷರತ್ತಿಗೊಳಪಟ್ಟ ಎಂಜಿನ್ ಬದಲಾವಣೆ ನಮ್ಮ ಕಾನೂನಿಗೆ ಅಪರಿಚಿತವೇನಲ್ಲ. ಅದರಾಚೆಗಿನದೆಲ್ಲ ಕಾಗದದ ಮೇಲೆ ನಿಷಿದ್ಧ, ಗ್ಯಾರೇಜಿನ ಹಿಂಭಾಗದಲ್ಲಿ ನಿರಾತಂಕ. ನಿಷಿದ್ಧವಾದದ್ದನ್ನು ಯಾರೂ ತಪಾಸಣೆಗೆ ತರುವುದಿಲ್ಲ. ಹೀಗಾಗಿ ಒಳ್ಳೆಯ ಬೆಸುಗೆಗೂ ಕೆಟ್ಟ ಬೆಸುಗೆಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವೇ ಇಲ್ಲ.

ಹಾಗೆಂದು ಬಾಗಿಲನ್ನು ಹಾರುಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ಹತ್ತು ವರ್ಷಗಳ ಅವಧಿಯಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಲಾಗಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ 2020ರಲ್ಲಿ ಅಂದಾಜಿಸಿತು. ಕಾನೂನಿದ್ದ ಮಾತ್ರಕ್ಕೆ ಗಾಳಿ ಶುದ್ಧವಾಗದು. ಆದರೆ ಎಂಜಿನ್ ಬದಲಾವಣೆಗೆ ಮುಕ್ತವಾಗಿ ಅರ್ಜಿ ಕರೆದು, ಶುಲ್ಕ ಪಡೆದು, ಪ್ರತಿ ಜಿಲ್ಲೆಯಲ್ಲದಿದ್ದರೂ ಪ್ರತಿ ವಿಭಾಗದಲ್ಲಿ ಒಂದು ಕೇಂದ್ರದಲ್ಲಿ ಬ್ರೇಕು, ಚಾಸಿ ಮತ್ತು ಹೊಗೆಯನ್ನು ನಿಜವಾಗಿ ಅಳೆದು, ಉತ್ತೀರ್ಣವಾದದ್ದಕ್ಕೆ ಮಾತ್ರ ಮಾನ್ಯತೆ ಕೊಡುವುದು ಅಸಾಧ್ಯವೇನಲ್ಲ. ಕೈಯಿಂದ ಮಾಡಿದ ಹೆಡರಿಗೆ ಸಂಖ್ಯೆ ಇಲ್ಲದಿದ್ದರೂ ಅದರಿಂದ ಹೊರಬರುವ ಗಾಳಿಯನ್ನು ಯಂತ್ರ ಅಳೆಯಬಲ್ಲದು.

ಆ ಹಳೆಯ ಅರ್ಜಿ ಇಂದು ಮತ್ತೆ ನನ್ನ ಮೇಜಿಗೆ ಬಂದರೆ ರಸೀದಿಗಳನ್ನು ಆಮೇಲೆ ನೋಡುತ್ತೇನೆ. ಮೊದಲು ಅಂಗಳಕ್ಕಿಳಿದು ಲಾರಿಯನ್ನು ಚಾಲೂ ಮಾಡಲು ಹೇಳುತ್ತೇನೆ.