ದೊಡ್ಡ ನಂಬರಿನ ಪ್ಲಗ್ ಹಾಕಿಸಿ ಪಿಸ್ಟನ್ ಕಳಕೊಂಡೆ

ನಮ್ಮದು ಚಳ್ಳಕೆರೆ ತಾಲೂಕಿನ ಒಣಭೂಮಿ. ಶೇಂಗಾ, ತೊಗರಿ, ಮಳೆ ಬಂದ ವರ್ಷ ಒಂದಿಷ್ಟು ಮೆಕ್ಕೆಜೋಳ. 1994ರಲ್ಲಿ ಶೇಂಗಾಕ್ಕೆ ಒಳ್ಳೆ ರೇಟು ಸಿಕ್ಕಾಗ ಒಂದು ಯೆಜ್ಡಿ ರೋಡ್‌ಕಿಂಗ್ ಗಾಡಿ ತಗೊಂಡೆ. ಸೆಕೆಂಡ್ ಹ್ಯಾಂಡ್, 1987ರ ಮಾಡೆಲ್. ಗೊಬ್ಬರದ ಚೀಲ, ಹಾಲಿನ ಕ್ಯಾನು, ಹೆಂಡತಿ ಮಕ್ಕಳು, ಎಲ್ಲಾ ಅದರ ಮೇಲೇ. ಇವತ್ತಿಗೂ ಓಡಿಸ್ತಾ ಇದ್ದೀನಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ನಿಂತುಹೋಯ್ತು. ಅವರ ಗಾಡಿಗಳಲ್ಲೆಲ್ಲ ರೋಡ್‌ಕಿಂಗ್ ಓಟಕ್ಕೆ ಹೆಸರಾದದ್ದು. 250 ಸಿಸಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, 16 ಕುದುರೆ ಶಕ್ತಿ. ಓಡೋ ಗಾಡಿ ಅಂದಮೇಲೆ ಬಿಸಿಯೂ ಜಾಸ್ತಿ. ಆ ಬಿಸಿಯನ್ನು ತಡೆಯೋದು ಎರಡೇ, ಪೆಟ್ರೋಲಿಗೆ ಬೆರೆಸುವ ಎಣ್ಣೆ ಮತ್ತು ಸ್ಪಾರ್ಕ್ ಪ್ಲಗ್. ಇವೆರಡರಲ್ಲೂ ನಾನು ತಪ್ಪು ಮಾಡಿ ದಂಡ ಕಟ್ಟಿದ್ದೇನೆ.

2016ರ ಮೇ ತಿಂಗಳು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಬಿತ್ತನೆ ಬೀಜಕ್ಕೆ ಅಂತ ದುಡ್ಡು ಜೋಡಿಸಿ ಇಟ್ಟಿದ್ದೆ. ಗಾಡಿ ಪ್ಲಗ್ ಸವೆದಿತ್ತು, ಹೊಸದು ಹಾಕಿಸೋಣ ಅಂತ ಒಂದು ಅಂಗಡಿಗೆ ಹೋದೆ. ಹಳೇದರ ಮೇಲೆ ಡಬ್ಲ್ಯು ಅಕ್ಷರದ ಮುಂದೆ 5 ಅಂತ ಇತ್ತು. ಅದು ಇರಲಿಲ್ಲ. "8 ಇದೆ ಯಜಮಾನ್ರೇ, ನಂಬರ್ ದೊಡ್ಡದಾದಷ್ಟೂ ಬಿಸಿ ಜಾಸ್ತಿ ತಡಕಂತದೆ, ಬೇಸಿಗೆಗೆ ಇದೇ ಒಳ್ಳೇದು" ಅಂದ. ನಾನೂ ನಂಬಿದೆ. ಬರೋವಾಗ ಒಂದು ಕಡೆ ಪೆಟ್ರೋಲ್ ಹಾಕಿಸಿ, ಲೂಸ್ ಎಣ್ಣೆಯನ್ನು ಕಣ್ಣಳತೆಯಲ್ಲೇ ಸುರಿಸ್ಕೊಂಡೆ.

ಮೂರನೇ ದಿನ ಹಿಂದೆ ಎರಡು ಮೂಟೆ ಹೇರಿಕೊಂಡು ಹೊರಟಿದ್ದೆ. ಮಧ್ಯಾಹ್ನದ ಬಿಸಿಲು, ಎದುರು ಗಾಳಿ. ಇಂಜಿನ್ನಿನಲ್ಲಿ ಟಿಣ್ ಟಿಣ್ ಅಂತ ಸದ್ದು ಬಂತು. ಆಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಎಳೆಯಿತು. ಕ್ಲಚ್ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ಜಾಮಾಗಿ ಗಾಡಿ ಅಡ್ಡಡ್ಡ ಜಾರಿತು. ಮೂಟೆ ರಸ್ತೆಗೆ ಬಿದ್ದವು, ನಾನು ಹೆಂಗೋ ನಿಂತೆ. ಪಿಸ್ಟನ್ ಸೀಜ್ ಆಗಿತ್ತು. ಪಿಸ್ಟನ್ ಕಿಟ್, ಬೋರು, ಕೂಲಿ ಎಲ್ಲಾ ಸೇರಿ 4,500 ರೂಪಾಯಿ. ಬೀಜದ ದುಡ್ಡೇ ಹೋಯ್ತು. ಆ ಸಲ ಎರಡು ಎಕರೆ ಬೀಳು ಬಿಟ್ಟೆ.

ನಮ್ಮ ಕಡೆ ಬೋರು ಅಂದರೆ ಎಲ್ಲರಿಗೂ ನೀರಿನ ಬೋರೇ ನೆನಪಾಗೋದು. ಇದು ಬೇರೆ. ಪಿಸ್ಟನ್ ಹಿಡಿದು ಗೀರಾದ ಬ್ಲಾಕನ್ನು ಕಾಲು ಮಿಲಿಮೀಟರಿನಷ್ಟು ಕೊರೆದು, ಅಷ್ಟೇ ದಪ್ಪನೆಯ ಪಿಸ್ಟನ್ ಹಾಕುತ್ತಾರೆ. ಹಾಗೆ ನಾಲ್ಕು ಸಲ ಮಾಡಬಹುದು, ಒಂದು ಮಿಲಿಮೀಟರಿಗೆ ಮುಗೀತು. ಆಮೇಲೆ ಒಳಗಿನ ಕೊಳವೆಯನ್ನೇ ಬದಲಾಯಿಸಬೇಕು. ಅದನ್ನು ನೆಟ್ಟಗೆ ಮಾಡೋ ಕೈ ಈಗ ಕಡಿಮೆ. ನನ್ನ ಬ್ಲಾಕಿಗೆ ಇನ್ನು ಒಂದೇ ಬೋರು ಬಾಕಿ ಇದೆ.

ಅಂಕಿ ಉಲ್ಟಾ

ಗಾಡಿ ಬಿಚ್ಚಿದ ಹಳೇ ಮೇಸ್ತ್ರಿ ಪ್ಲಗ್ ನೋಡಿದವನೇ ನಕ್ಕ. "ಅಂಗಡಿಯವನು ಹೇಳಿದ್ದು ಬೇರೆ ಕಂಪನಿ ಲೆಕ್ಕ" ಅಂದ. ವಿಷಯ ಏನಂದ್ರೆ, ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿರುತ್ತೆ. ಅಂದರೆ ತುದಿಯ ಬಿಸಿಯನ್ನು ಬೇಗ ಹೆಡ್ಡಿಗೆ ದಾಟಿಸುತ್ತೆ. ಬಾಷ್ ಪ್ಲಗ್ಗಿನಲ್ಲಿ ಇದು ಪೂರಾ ಉಲ್ಟಾ, ಅಂಕಿ ಸಣ್ಣದಾದಷ್ಟೂ ತಣ್ಣಗೆ. ನಾವು ಮೈಕೋ ಅಂತಿದ್ದ ಬೆಂಗಳೂರಿನ ಕಂಪನಿ 1951ರಲ್ಲಿ ಶುರುವಾದದ್ದು, 2008ರಲ್ಲಿ ಅದರ ಹೆಸರೇ ಬಾಷ್ ಆಯ್ತು. ಇನ್ನೂ ತಮಾಷೆ ಅಂದ್ರೆ ಮೈಕೋದ ತುಂಬಾ ಹಳೇ ಪ್ಲಗ್ಗುಗಳಲ್ಲಿ 175, 225 ಅಂತ ಮೂರಂಕಿ ಇರುತ್ತಿತ್ತು. ಅದರಲ್ಲಿ ದೊಡ್ಡದೇ ತಣ್ಣಗೆ! ಒಂದೇ ಕಂಪನಿಯ ಹಳೇ ಲೆಕ್ಕ ಹೊಸ ಲೆಕ್ಕವೇ ಉಲ್ಟಾ ಆದಮೇಲೆ ನಮ್ಮಂಥ ಏಳನೇ ಕ್ಲಾಸಿನವರ ಪಾಡೇನು?

ನಾನು 5 ತೆಗೆದು 8 ಹಾಕಿದ್ದು ಅಂದರೆ ಮೂರು ಮೆಟ್ಟಿಲು ಬಿಸಿ ಪ್ಲಗ್ ಹಾಕಿದ ಹಾಗಾಯ್ತು. ಅದರ ತುದಿ ಕೆಂಡವಾಗಿ, ಕಿಡಿ ಹಾರೋಕೆ ಮುಂಚೆಯೇ ಪೆಟ್ರೋಲ್ ಹತ್ತಿಕೊಂಡಿದೆ. ಪಿಸ್ಟನ್ ಕಾದು ಹಿಗ್ಗಿದೆ. ಅದಕ್ಕೆ ಸರಿಯಾಗಿ ಎಣ್ಣೆಯೂ ಕಡಿಮೆ.

ಪ್ಲಗ್ಗಿನ ಉದ್ದವನ್ನೂ ನೋಡಬೇಕು. ಮರೆಯ ದಪ್ಪ ಒಂದೇ 14 ಮಿ.ಮೀ. ಇದ್ದರೂ ಉದ್ದ ಅರ್ಧ ಇಂಚಿನದು, ಮುಕ್ಕಾಲು ಇಂಚಿನದು ಅಂತ ಬೇರೆ ಬೇರೆ ಬರುತ್ತೆ. ಉದ್ದನೆಯದು ಸಿಕ್ಕಿತು ಅಂತ ತಿರುಗಿಸಿಬಿಟ್ಟರೆ ಪಿಸ್ಟನ್ನಿನ ತಲೆಗೇ ಬಡಿಯಬಹುದು. ಹಳೇದರ ಪಕ್ಕ ಹಿಡಿದು ಅಳೆದೇ ತಗೊಳ್ಳಿ. ಸಂದು ಅರ್ಧ ಮಿ.ಮೀ.ಗಿಂತ ಕೊಂಚ ಜಾಸ್ತಿ, 0.6 ಇಡುತ್ತೇನೆ. ಗೇಜ್ ಇಲ್ಲದವರು ಹ್ಯಾಕ್ಸಾ ಬ್ಲೇಡಿನ ಬೆನ್ನು ತೂರಿಸಿ ನೋಡಬಹುದು, ಹೆಚ್ಚುಕಡಿಮೆ ಅದೇ ದಪ್ಪ. ಹಲ್ಲಿನ ಕಡೆ ಬೇಡ.

ಹಾಕಿದ ಪ್ಲಗ್ ಸರಿಯೋ ತಪ್ಪೋ ಅಂತ ಪ್ಲಗ್ಗೇ ಹೇಳುತ್ತೆ. ನಾಲ್ಕೈದು ಕಿಲೋಮೀಟರ್ ಜೋರಾಗಿ ಓಡಿಸಿ, ನಿಧಾನ ಮಾಡದೆ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಆರಿದ ಮೇಲೆ ಬಿಚ್ಚಿ ನೋಡಿ. ಪಿಂಗಾಣಿ ಹುರಿದ ರಾಗಿಯ ಬಣ್ಣಕ್ಕಿದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಅಪಾಯ. ಕರ್ರಗೆ ಜಿಡ್ಡಾಗಿದ್ದರೆ ಎಣ್ಣೆ ಜಾಸ್ತಿ, ಇಲ್ಲವೇ ಪ್ಲಗ್ ತೀರಾ ತಣ್ಣಗಿನದು. ಮನೆ ಮುಂದೆ ಸುಮ್ಮನೆ ಸ್ಟಾರ್ಟ್ ಮಾಡಿ ನಿಲ್ಲಿಸಿ ನೋಡಿದರೆ ಯಾವ ಪ್ಲಗ್ಗೂ ಕರ್ರಗೇ ಕಾಣೋದು.

ಎಣ್ಣೆ ಯಾವುದು, ಎಷ್ಟು

ಎರಡು ಸ್ಟ್ರೋಕಿನ ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿ ಇಟ್ಟಿರೋದಿಲ್ಲ. ಪೆಟ್ರೋಲಿನ ಜೊತೆ ಹೋಗಿ, ಬೇರಿಂಗು ಪಿಸ್ಟನ್ನು ಸವರಿ, ಕೊನೆಗೆ ಉರಿದು ಹೊಗೆಯಾಗುತ್ತೆ. ಆದ್ದರಿಂದ ಬೂದಿ ಉಳಿಸದ ಎಣ್ಣೆಯೇ ಬೇಕು. ಟ್ರ್ಯಾಕ್ಟರಿಗೆ, ಕಾರಿಗೆ ತಂದ ಇಂಜಿನ್ ಆಯಿಲ್ ಉಳಿದಿದೆ ಅಂತ ಪೆಟ್ರೋಲಿಗೆ ಹಾಕಬೇಡಿ. ಅದರ ಬೂದಿ ಪ್ಲಗ್ಗಿನ ಸಂದಿನಲ್ಲಿ ಸೇತುವೆ ಕಟ್ಟಿ ಕಿಡಿಯೇ ಬರೋದಿಲ್ಲ. ಡಬ್ಬದ ಮೇಲೆ 2ಟಿ ಅಂತಲೂ, ಎಪಿಐ ಟಿಸಿ ಅಥವಾ ಜಾಸೋ ಎಫ್‌ಸಿ ಅಂತಲೂ ಇರಬೇಕು. ಎಫ್‌ಡಿ ಆದರೆ ಇನ್ನೂ ಒಳ್ಳೇದು. ಕರಾವಳಿಯ ಓದುಗರಿಗೆ ಒಂದು ಮಾತು: ದೋಣಿ ಇಂಜಿನ್ನಿನ ಟಿಸಿ-ಡಬ್ಲ್ಯು3 ಎಣ್ಣೆ ನೀರಿನಿಂದ ತಣಿಯುವ ಇಂಜಿನ್ನಿಗೆ ಮಾಡಿದ್ದು. ಗಾಳಿಯಿಂದ ತಣಿಯುವ ಬೈಕಿಗೂ, ಕಳೆ ಕತ್ತರಿಸುವ ಮೆಷಿನ್ನಿಗೂ ಅದು ಬೇಡ.

ನಾನು ಲೀಟರಿಗೆ 40 ಮಿ.ಲೀ. ಹಾಕ್ತೀನಿ, 25ಕ್ಕೆ 1 ಪಾಲು. ಐದು ಲೀಟರಿಗೆ 200. ಮಗಳ ಕೆಮ್ಮಿನ ಔಷಧಿಯ ಅಳತೆ ಲೋಟ ಗಾಡಿಯ ಪೆಟ್ಟಿಗೆಯಲ್ಲೇ ಇದೆ. "ಇನ್ನೊಂಚೂರು ಎಣ್ಣೆ ಜಾಸ್ತಿ ಇದ್ರೆ ಇಂಜಿನ್ನಿಗೆ ತಂಪು" ಅಂತ ಕೆಲವರು ಹೇಳ್ತಾರೆ. ತಪ್ಪು. ಜೆಟ್ಟಿನಲ್ಲಿ ಎಣ್ಣೆ ಜಾಸ್ತಿ ಹೋದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತೆ. ಲೂಸ್ ಎಣ್ಣೆಯನ್ನಂತೂ ಮುಟ್ಟೋದೇ ಇಲ್ಲ. ದೆಹಲಿಯ ಬಂಕುಗಳಲ್ಲಿ ಅದನ್ನು ಮಾರಬಾರದು ಅಂತ ಸುಪ್ರೀಂ ಕೋರ್ಟು 1998ರಲ್ಲೇ ಹೇಳಿತ್ತು.

ಗೇರ್ ಬಾಕ್ಸಿನ ಎಣ್ಣೆ ಬೇರೆಯೇ. ಈ ಗಾಡಿಯಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಎಣ್ಣೆಯಲ್ಲಿ ನೆನೆಯುತ್ತವೆ. ಜಾರಿಕೆ ಜಾಸ್ತಿ ಇರುವ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರುತ್ತೆ. ಜಾಸೋ ಎಂಎ ಅಂತ ಬರೆದಿರುವ ಬೈಕಿನ 20ಡಬ್ಲ್ಯು40 ನನಗೆ ಸರಿಹೋಗಿದೆ.

ಈಗ ಹೊಸದೊಂದು ತಲೆನೋವು. ಬಂಕಿನ ಪೆಟ್ರೋಲಿನಲ್ಲಿ ಶೇ.20ರವರೆಗೂ ಎಥೆನಾಲ್ ಇರುತ್ತೆ. ಕಬ್ಬಿನಿಂದ, ನಾವು ಬೆಳೆಯೋ ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ. ಬೆಳೆದವನಾಗಿ ನನಗೆ ಸಂತೋಷವೇ, ಗಾಡಿಯವನಾಗಿ ಅಲ್ಲ. ಎಥೆನಾಲಿನೊಳಗೇ ಆಮ್ಲಜನಕ ಇರೋದರಿಂದ ಹಳೇ ಕಾರ್ಬೊರೇಟರಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದ ಹಾಗೆ. ಪ್ಲಗ್ ಬೆಳ್ಳಗಾಗ್ತಾ ಬಂತು. ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸಿದ ಮೇಲೆ ರಾಗಿ ಬಣ್ಣ ವಾಪಸ್ ಬಂತು. ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲು ನೀರು ಕೂಡಿ ಅಡಿಗೆ ಕೂರುತ್ತೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಇಂಜಿನ್ನಿಗೆ ಮೊದಲು ಹೋಗೋದು ಅಡಿಯದೇ, ಎಣ್ಣೆ ಇಲ್ಲದ್ದು. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ನಾನು ಟ್ಯಾಂಕ್ ಬರಿದು ಮಾಡಿಡ್ತೀನಿ.

2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಗಾಡಿ ಬಂದಿದೆ. ಅದು ನಾಲ್ಕು ಸ್ಟ್ರೋಕು, ಮೇಲಿನ ಎಣ್ಣೆ ಲೆಕ್ಕ ಅದಕ್ಕಲ್ಲ. ಪ್ಲಗ್ಗಿನ ನಂಬರೂ ನಿಮ್ಮ ಗಾಡಿಯ ಪುಸ್ತಕದಲ್ಲಿ ಇರೋದೇ ಆಗಬೇಕು, ನನ್ನದಲ್ಲ.

ಹೋದ ವರ್ಷ ಬೆಂಗಳೂರಿನಿಂದ ಒಬ್ಬರು ಬಂದು ಗಾಡಿ ಕೇಳಿದರು. ಹೇಳಿದ ರೇಟು ಕೇಳಿ ಮಗ "ಕೊಟ್ಬಿಡಪ್ಪ" ಅಂದ. ಬ್ಲಾಕಿಗೆ ಎಷ್ಟು ಬೋರು ಆಗಿದೆ ಅಂತ ಅವರು ಕೇಳಿದ್ರು, ಇದ್ದದ್ದು ಹೇಳಿದೆ. ಆಮೇಲೆ ಫೋನ್ ಮಾಡ್ತೀನಿ ಅಂತ ಹೋದರು. ಮಾಡಿಲ್ಲ. ಮೊನ್ನೆ ಹೊಸ ಪ್ಲಗ್ ತಂದಿದ್ದೀನಿ, 5ರದೇ, ಎರಡು. ಒಂದು ಗಾಡಿಗೆ, ಒಂದು ಪೆಟ್ಟಿಗೆಗೆ.